ನಾನು ತೋರಿಸಿದ ಬುಧ

೨೦೦೨ ಏಪ್ರಿಲ್ ೨೮, ರವಿವಾರ

ಮಧ್ಯಾಹ್ನ ರೇಡಿಯೋದಲ್ಲಿ ಒಬ್ಬರು ಮುಂದಿನ ತಿಂಗಳು ಆಕಾಶದಲ್ಲಿ ಏನೇನು ನೋಡಬೇಕು ಎಂದು ಹೇಳುತ್ತಿದ್ದರು. ಅಪ್ಪನ ಮಗ್ಗದ ಸದ್ದಿನಲ್ಲಿ ಒಂದು ಮಾತು ಕೇಳಿದರೆ ಎರಡು ಹೋಗುತ್ತಿದ್ದವು.

“ಯಪ್ಪಾ, ಲಾಳಿ ಸ್ವಲ್ಪ ನಿಲ್ಲಸು,” ಎಂದೆ.

“ನಾ ನಿಲ್ಲಿಸಿದ್ರ ನಿನ್ನ ಚಿಕ್ಕಿ ಇಳದ ಬಂದು ಸೀರಿ ನೇಯ್ತಾವೇನು?” ಎಂದ. ಆದರೂ ನಿಲ್ಲಿಸಿದ. ತಾನೂ ಕಿವಿಗೊಟ್ಟು ಕುಳಿತ.

ಮರೆಯುವ ಮುಂಚೆ ಬರೆದಿಡುತ್ತೇನೆ. ಸೂರ್ಯ ಮುಳುಗಿದ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಬೇಕು. ಬರಿಗಣ್ಣಿಗೆ ಕಾಣುವ ಐದು ಗ್ರಹಗಳೂ ಒಂದೇ ಓರೆ ಸಾಲಿನಲ್ಲಿ ಇರುತ್ತವೆ. ಎಲ್ಲಕ್ಕಿಂತ ಮೇಲೆ ಗುರು. ಅದರ ಕೆಳಗೆ ಶನಿ, ಮಂಗಳ. ಅವುಗಳ ಕೆಳಗೆ ಶುಕ್ರ. ಅದನ್ನು ಹುಡುಕಬೇಕಾಗಿಲ್ಲ, ತಾನೇ ಕಣ್ಣಿಗೆ ಬೀಳುತ್ತದೆ. ತೀರ ಕೆಳಗೆ, ನೆಲಕ್ಕೆ ತಾಗಿದಂತೆ, ಬುಧ. ಅದು ಸಿಗುವುದು ಕಷ್ಟ, ಮೇ ಮೊದಲ ವಾರ ಬಿಟ್ಟರೆ ಕೈತಪ್ಪಿತು. ಶುಕ್ರ, ಮಂಗಳ, ಶನಿ ದಿನದಿನಕ್ಕೆ ಹತ್ತಿರ ಬಂದು ಐದನೇ ತಾರೀಖಿನ ಹೊತ್ತಿಗೆ ಸಣ್ಣ ತ್ರಿಕೋನವಾಗುತ್ತವೆ. ಮತ್ತೆ ಐದೂ ಹೀಗೆ ಕೂಡುವುದು ೨೦೪೦ರಲ್ಲಂತೆ. ಆಗ ನನಗೆ ಐವತ್ತೈದು.

ರೇಡಿಯೋ ಮುಗಿದ ಮೇಲೆ ಅಪ್ಪ ನೂಲು ಸುತ್ತಿದ ಎರಡು ಕಂಡಿಕೆ ಹಿಡಿದು, “ಇದರಾಗ ಹಸರ ಯಾವುದು, ಕರೇದ ಯಾವುದು ಹೇಳು,” ಎಂದ. ಈಗೀಗ ದಿನಾ ಇದೇ. ನಾನೇನು ಒಂದನೇ ಇಯತ್ತೆಯ ಹುಡುಗಿಯೇ? “ನಿನಗ ಗೊತ್ತಿಲ್ಲೇನು?” ಎಂದೆ. “ನಿನಗ ಗೊತ್ತೈತೋ ಇಲ್ಲೋ ನೋಡಿದೆ,” ಎಂದು ನಕ್ಕ.

ಏಪ್ರಿಲ್ ೩೦, ಮಂಗಳವಾರ

ನಾಲ್ಕು ಸಿಕ್ಕವು. ಬುಧ ಸಿಗಲಿಲ್ಲ. ನಮ್ಮ ಮಾಳಿಗೆಯಿಂದ ಪಶ್ಚಿಮಕ್ಕೆ ಕಲ್ಲು ಪಾಲಿಶ್ ಮಾಡುವ ಷೆಡ್ ಇದೆ. ಅದರ ದೊಡ್ಡ ದೀಪ, ಅದರ ಬಿಳಿ ಧೂಳು. ಕೆಳಗಿನ ಆಕಾಶವೆಲ್ಲ ಹಿಟ್ಟು ಜರಡಿ ಹಿಡಿದಂತೆ ಇರುತ್ತದೆ.

ನಿನ್ನೆ ಪಕ್ಕದ ಮನೆಯ ಬಿಬಿಜಾನ ಚಾಚಿಗೆ ಒಂದು ಕೆಂಪು ಚಿಕ್ಕಿ ತೋರಿಸಿ ಅದೇ ಮಂಗಳ ಎಂದಿದ್ದೆ. ಇವತ್ತು ನೋಡಿದರೆ ಅದು ಮಿನುಗುತ್ತದೆ. ಗ್ರಹ ಮಿನುಗುವುದಿಲ್ಲ ಎಂದು ರೇಡಿಯೋದವರು ಹೇಳಿದ್ದರು. ಅದು ರೋಹಿಣಿ. ಮಂಗಳ ಅದರ ಹತ್ತಿರ, ಇನ್ನೂ ಮಂದವಾಗಿ ಇದೆ. ಕೂಡಲೇ ಚಾಚಿಯ ಮನೆಗೆ ಹೋಗಿ, ನಿನ್ನೆ ಹೇಳಿದ್ದು ತಪ್ಪು ಎಂದೆ.

“ಹೋಗ ಹುಚ್ಚಿ,” ಎಂದಳು ಚಾಚಿ, “ಮಂಗಳ ಆದ್ರೇನು, ರೋಹಿಣಿ ಆದ್ರೇನು, ಎರಡೂ ಬಂದು ನನ್ನ ರೊಟ್ಟಿ ಬಡಿಯಂಗಿಲ್ಲ. ಇದನ್ನ ಹೇಳಾಕ ಓಡಿ ಬಂದ್ಯಾ?”

ಹೌದು. ನನಗೆ ಹಾಗೇ. ತಪ್ಪು ಮಾತು ಬಾಯಲ್ಲಿ ಉಳಿದರೆ ಊಟ ಸೇರುವುದಿಲ್ಲ. ಸಾಲೆ ಬಿಟ್ಟದ್ದಕ್ಕೂ ಅಷ್ಟೇ. ಮಂದಿ, “ಮಗ್ಗಕ್ಕ ಕೈ ಬೇಕಂತ ಬಿಡಿಸಿದ್ರೇನವಾ ನಿಮ್ಮಪ್ಪ?” ಎಂದು ಮರುಕದಿಂದ ಕೇಳುತ್ತಾರೆ. ಹೂಂ ಎಂದರೆ ಮುಗಿಯಿತು. ನಾನು ಇಲ್ಲ ಎನ್ನುತ್ತೇನೆ. ಹತ್ತನೆಯ ಇಯತ್ತೆಯ ನಡುವೆ ನಾನೇ ಎದ್ದು ಬಂದೆ, ಒಂದು ಕಡೆ ಕೂರಲು ನನಗೆ ಆಗುವುದಿಲ್ಲ, ಅಪ್ಪ ವಾರಗಟ್ಟಲೆ ಬೇಡಿಕೊಂಡ ಎನ್ನುತ್ತೇನೆ.

ಮೇ ೨, ಗುರುವಾರ

ಶಂಕ್ರಪ್ಪ ಸಾವಕಾರರು ರೇಶ್ಮೆ ಕಳಿಸಿದ್ದಾರೆ. ಅವರ ಅಣ್ಣನ ಮಗಳ ಮದುವೆಯ ಸೀರೆ. ನೂಲು ಅವರದು, ನೇಯ್ಗೆ ನಮ್ಮದು, ಹಿಂದಿನಿಂದಲೂ ಹೀಗೇ. ಈ ಓಣಿಯಲ್ಲಿ ಎಷ್ಟೋ ಮಗ್ಗಗಳಿದ್ದರೂ ಮದುವೆಯ ಸೀರೆ ಬರುವುದು ನಮ್ಮ ಮನೆಗೆ. ಕಾರಣ ಅಪ್ಪ ಸೆರಗು ಕೂಡಿಸುವ ರೀತಿ. ನಮ್ಮ ಇಳಕಲ್ ಸೀರೆಯ ಮೈಗೆ ಒಂದು ಹಾಸು, ಅಂದರೆ ಉದ್ದ ಎಳೆಗಳ ಸಾಲು, ಸೆರಗಿಗೆ ಕೆಂಪು ರೇಶ್ಮೆಯ ಬೇರೆ ಹಾಸು. ಮೈಯ ಒಂದೊಂದು ಎಳೆಯ ಕುಣಿಕೆಯನ್ನು ಸೆರಗಿನ ಒಂದೊಂದು ಎಳೆಯ ಕುಣಿಕೆಯಲ್ಲಿ ಹಾಯಿಸಿ ಬಿಗಿಯಬೇಕು. ನಮ್ಮಪ್ಪ ಯಮನೂರಪ್ಪ ಕೂಡಿಸಿದ ಕಡೆ ಉಗುರು ಆಡಿಸಿದರೂ ತಡೆಯುವುದಿಲ್ಲ ಎನ್ನುತ್ತಾರೆ. ಅಪ್ಪನಿಗೆ ಇರುವ ಹೆಸರು ಅದೊಂದೇ.

“ಈ ಸಲ ನೀ ಕೂಡಸು, ಕಲತಂಗಾಕ್ಕೈತಿ,” ಎಂದ ಅಪ್ಪ.

ಕುಳಿತೆ. ಒಂದು ಗೇಣು ಆಗುವಷ್ಟರಲ್ಲಿ ಕಾಲು ಜುಮ್ಮೆಂದಿತು, ತಲೆ ಕೆಟ್ಟಿತು. ಎದ್ದು ಮಾಳಿಗೆಗೆ ಓಡಿದೆ. ಕೆಳಗೆ ಅಪ್ಪ ದೀಪವನ್ನು ಮುಖದ ಹತ್ತಿರ ಎಳೆದುಕೊಂಡು, ಎಳೆಗಳನ್ನು ತುಟಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. “ವೋಲ್ಟೇಜ್ ಭಾಳ ಕಡಿಮಿ ಐತಿ,” ಎಂದು ಅವ್ವನಿಗೆ ಹೇಳುತ್ತಿದ್ದ. ನನಗೇನೂ ಕಡಿಮೆ ಅನ್ನಿಸಲಿಲ್ಲ.

ಬುಧ ಇವತ್ತೂ ಇಲ್ಲ.

ಮೇ ೫, ರವಿವಾರ

ಆದದ್ದನ್ನು ಆದಂತೆಯೇ ಬರೆಯಬೇಕು.

ಸಂಜೆ ಶಂಕ್ರಪ್ಪ ಸಾವಕಾರರು ಸೀರೆ ಎಲ್ಲಿಗೆ ಬಂತೆಂದು ನೋಡಲು ಬಂದರು. ಜೊತೆಗೆ ಮಗಳು ಪ್ರಿಯದರ್ಶಿನಿ. ಒಂಬತ್ತನೆಯ ಇಯತ್ತೆಯವರೆಗೆ ನನ್ನ ಪಕ್ಕದಲ್ಲೇ ಕೂತವಳು. ಈಗ ಕಾಲೇಜು, ವಿಜ್ಞಾನ.

“ಅನುರಾಧಾ, ನೀ ಓಣಿ ಮಂದಿಗೆಲ್ಲಾ ಗ್ರಹ ತೋರಸ್ತೀಯಂತ? ನಮಗೂ ತೋರಸು,” ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇತ್ತು ಎಂದು ಬರೆದರೆ ನನಗೆ ಅನುಕೂಲ, ಆದರೆ ಇರಲಿಲ್ಲ.

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಎದ್ದ. “ನಡೀರಿ ಸಾವಕಾರ್ರ, ಮಾಳಗಿಗೆ ಹೋಗೂಣು. ನಮ್ಮ ಹುಡಿಗಿ ಐದಕ್ಕ ಐದೂ ತೋರಸ್ತಾಳ. ರೇಡಿಯೋದವ್ರು ಹೇಳಿದ್ದು ಒಂದ ಅಕ್ಷರ ಬಿಟ್ಟಿಲ್ಲ.”

ನಾನು ಯಾರಿಗೂ ಐದು ಎಂದಿರಲಿಲ್ಲ. ನಾಲ್ಕು ಎಂದೇ ಹೇಳುತ್ತಿದ್ದೆ.

ಮೆಟ್ಟಿಲು ಹತ್ತುವಾಗ ಅಪ್ಪ ನನ್ನ ಬಲರಟ್ಟೆ ಹಿಡಿದುಕೊಂಡ. ಮೇಲೆ ಬಂದ ಮೇಲೂ ಬಿಡಲಿಲ್ಲ. ಸಾವಕಾರರ ಮುಂದೆ ಹೆಮ್ಮೆ, ಅದಕ್ಕೆ ಹಿಡಿದಿದ್ದಾನೆ ಎಂದುಕೊಂಡೆ. ಹೆಮ್ಮೆ ನನಗೂ ಆಯಿತು. ಗುರು ತೋರಿಸಿದೆ. ತ್ರಿಕೋನ ರೇಡಿಯೋದವರು ಹೇಳಿದಂತೆಯೇ ಕೂಡಿತ್ತು: ಕೆಳಗೆ ಶುಕ್ರ ಧಗಧಗ, ಮೇಲೆ ಶನಿ, ಮಂಗಳ. ಸಾವಕಾರರು ಟೊಪ್ಪಿಗೆ ತೆಗೆದು ಕತ್ತೆತ್ತಿ ನೋಡಿದರು. “ಇಷ್ಟು ವರ್ಷ ಇದರ ಕೆಳಗ ಅಡ್ಡಾಡಿನಿ ನೋಡ್ರಿ,” ಎಂದರು.

“ಬುಧ?” ಎಂದಳು ಪ್ರಿಯದರ್ಶಿನಿ. “ಕಾಕಾ ಐದು ಅಂದ್ರಲ್ಲ. ನಮ್ಮ ಸರ್ ಇಡೀ ಜನ್ಮದಾಗ ಬುಧ ನೋಡಿಲ್ಲಂತ.”

ಆ ಸರ್ ನೋಡಿಲ್ಲ, ಅವಳು ನೋಡಿಲ್ಲ. ಸಾಲೆ ಬಿಟ್ಟ ನಾನು ನೋಡಿದ್ದೇನೆ ಎಂದಾಗಬೇಕಿತ್ತು. ಅಷ್ಟೇ ಕಾರಣ, ಬೇರೆ ಇಲ್ಲ. ಕೈ ಚಾಚಿ, “ಅಗಾ ಅಲ್ಲಿ, ಷೆಡ್ಡಿನ ಬಲಗಡೆ, ಸಣ್ಣಗೈತಿ,” ಎಂದೆ. ಅಲ್ಲಿ ಧೂಳು ಬಿಟ್ಟು ಏನೂ ಇರಲಿಲ್ಲ.

“ನನಗ ಕಾಣವಲ್ದು.”

“ಸರಿಯಾಗಿ ನೋಡು.”

“ನನಗೂ ಕಾಣವಲ್ದವಾ,” ಎಂದರು ಸಾವಕಾರರು.

ಆಗ ಅಪ್ಪ ಹೇಳಿದ: “ನನಗ ಕಾಣಸ್ತೈತಿ. ಸಣ್ಣದೈತಿ, ಆದ್ರ ಐತಿ. ಐದೂ ಕಾಣಸ್ತಾವ ನನಗ.”

ನಾನು ಬದುಕಿಕೊಂಡೆ ಎಂದುಕೊಳ್ಳಬೇಕಿತ್ತು. ಅದರ ಬದಲು ಸಿಟ್ಟು ಬಂತು. ಇಲ್ಲದ್ದನ್ನು ಕಂಡೆ ಎನ್ನುತ್ತಿದ್ದಾನಲ್ಲ ಎಂದು! “ಎಲ್ಲೈತಿ, ತೋರಸು ನೋಡೂಣು,” ಎಂದೆ.

ಅಪ್ಪ ಕೈ ಎತ್ತಿದ. ಆ ಕಡೆ ಹುಣಸೆಗಿಡ ಇತ್ತು. ಪ್ರಿಯದರ್ಶಿನಿ ನಕ್ಕಳು, ತಡೆದುಕೊಂಡಳು.

“ಅದು ಹುಣಸಿ ಗಿಡ ಯಪ್ಪಾ. ಬುಧ ಹೋಗ್ಲಿ, ಶುಕ್ರನರ ತೋರಸು. ದೀಪ ಇದ್ದಂಗೈತಿ.”

ಅಪ್ಪನ ಕೈ ಸ್ವಲ್ಪ ಸರಿಯಿತು. ಇನ್ನೂ ಸ್ವಲ್ಪ ಸರಿಯಿತು. ನಡುವೆಯೇ ನಿಂತಿತು.

“ನಿನಗ ಶುಕ್ರನೂ ಕಾಣವಲ್ದು!” ಎಂದೆ. ದೊಡ್ಡ ದನಿಯಲ್ಲೇ ಎಂದೆ. ಪಕ್ಕದ ಮಾಳಿಗೆಯಲ್ಲಿ ಶಾವಿಗೆ ಎತ್ತುತ್ತಿದ್ದ ಚಾಚಿ ತಿರುಗಿ ನೋಡಿದಳು.

ಅಪ್ಪ ನನ್ನ ರಟ್ಟೆ ಬಿಟ್ಟ. “ನಡೀರಿ, ಚಾ ಆಗೇತಿ,” ಎಂದ. ಗೋಡೆ ಹಿಡಿದು, ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವಿ ತಡವಿ ಇಳಿದ. ನಾನು ಅದನ್ನು ಆಗ ನೋಡಿದೆ. ಹಿಂದೆ ನಿಂತ ಸಾವಕಾರರೂ ನೋಡಿದರು.

ಮೇ ೬, ಸೋಮವಾರ

ಅಪ್ಪ ಇವತ್ತು ಬಣ್ಣ ಕೇಳಲಿಲ್ಲ. ಎರಡು ಸಲ ತಪ್ಪು ಕಂಡಿಕೆ ಹಾಕಿದ. ಅವ್ವ ಬಂದು ಬದಲಿಸಿದಳು.

ಮೇ ೭, ಮಂಗಳವಾರ

ಸಾವಕಾರರ ಆಳು ಬಂದು ಕೂಡಿಸದೆ ಉಳಿದ ರೇಶ್ಮೆಯ ಹಾಸನ್ನು ಸುತ್ತಿಕೊಂಡು ಹೋದ. “ಮುಂದಿನ ಓಣ್ಯಾಗ ಕೊಡಂತ ಹೇಳ್ಯಾರ್ರಿ. ನಿಮಗ ಸಾದಾ ಸೀರಿ ಕಳಸ್ತಾರಂತ,” ಎಂದ. ಅವನಿಗೂ ಮುಖ ಎತ್ತಲು ಆಗುತ್ತಿರಲಿಲ್ಲ. ಅಪ್ಪ ಖಾಲಿಯಾದ ಕೋಲನ್ನು ಒರೆಸಿ ಮೂಲೆಗಿಟ್ಟ.

ಅವ್ವನನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. ಅವಳಿಗೆ ಗೊತ್ತಿತ್ತು. ಹೋದ ವರ್ಷದಿಂದಲೂ ಗೊತ್ತಿತ್ತು. ಎರಡೂ ಕಣ್ಣಿಗೆ ಮೋತಿಬಿಂದು, ಪೊರೆ ಬಂದಿದೆ. ಆಪರೇಶನ್ ಅಂದರೆ ಅಪ್ಪನಿಗೆ ಹೆದರಿಕೆ. ಇದ್ದಷ್ಟೂ ಹೋದರೆ ಏನು ಮಾಡಲಿ ಎನ್ನುತ್ತಾನಂತೆ. ಇಲ್ಲಿಯವರೆಗೆ ಬೆರಳಿನಿಂದ ಮುಟ್ಟಿ ನೋಡಿಯೇ ಕೆಲಸ ನಡೆಸುತ್ತಿದ್ದ. ಬಣ್ಣ ಒಂದು ಬೆರಳಿಗೆ ತಿಳಿಯುವುದಿಲ್ಲ. ಅದಕ್ಕೆ ನನ್ನನ್ನು ಕೇಳುತ್ತಿದ್ದ.

“ನನಗ ಯಾಕ ಹೇಳ್ಲಿಲ್ಲ?” ಎಂದೆ.

ಅವ್ವ ಒಲೆಯ ಕಡೆಯೇ ನೋಡುತ್ತ ಹೇಳಿದಳು: “ನೀ ಕೇಳಿದವ್ರಿಗೆಲ್ಲಾ ಖರೇನ ಹೇಳ್ತೀಯಲ್ಲ. ಅದಕ್ಕ ಹೇಳ್ಲಿಲ್ಲ.”

ಮೇ ೮, ಬುಧವಾರ

ಚಾಚಿಯ ಗಂಡ ಅಬ್ದುಲಸಾಬರ ಸೈಕಲ್ ಕೇಳಿ ಪಡೆದು ಹುನಗುಂದದ ರಸ್ತೆಯಲ್ಲಿ ಹೋದೆ. ಊರು ಮುಗಿದು, ಕಲ್ಲಿನ ಕಾರ್ಖಾನೆಗಳು ಮುಗಿದು, ಎರೆಹೊಲ ಬರುವವರೆಗೂ ತುಳಿದೆ. ಒಂದು ಸಲ ಬುಧನನ್ನು ಕಣ್ಣಾರೆ ನೋಡಿಬಿಟ್ಟರೆ ರವಿವಾರ ನಾನು ಹೇಳಿದ್ದು ಪೂರ್ತಿ ಸುಳ್ಳಾಗುವುದಿಲ್ಲ ಎಂಬ ಲೆಕ್ಕ. ಇದೂ ಒಂದು ಮೋಸದ ಲೆಕ್ಕವೇ. ಅರ್ಧ ದಾರಿಯಲ್ಲೇ ಗೊತ್ತಾಯಿತು. ಆದರೂ ಹೋದೆ.

ಸೂರ್ಯ ಮುಳುಗಿದ ಕಡೆ ಮೋಡ ಎದ್ದಿತ್ತು. ಗುಡ್ಡದಷ್ಟು ಎತ್ತರಕ್ಕೆ ಕಪ್ಪು ಗೋಡೆ ಕಟ್ಟಿದಂತೆ. ಅದರ ಮೇಲೆ ಶುಕ್ರ, ಶನಿ, ಮಂಗಳ ಆರಾಮಾಗಿ ಇದ್ದವು. ಕೆಳಗೆ ಏನೂ ಇಲ್ಲ. ಬಂಡಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು, “ಯಾರಿಗೆ ಕಾಯಾಕತ್ತೀಯವಾ ಮಗಳ?” ಎಂದು ಕೇಳಿದಳು. ಯಾರಿಗೂ ಇಲ್ಲ ಎಂದೆ.

ತಿರುಗಿ ಬರುವಾಗ ಒಂದು ವಿಷಯ ಹೊಳೆಯಿತು. ಸುಳ್ಳು ಹೇಳದವಳು ಎಂದು ನಾನು ನನಗೇ ಹೆಸರಿಟ್ಟುಕೊಂಡಿದ್ದೇನೆ. ಆ ಸಂಜೆ ಕೊನೆಗೆ ನನ್ನ ಬಾಯಿಂದ ಬಂದ ನಿಜ ಒಂದೇ, ಅದೂ ಅಪ್ಪನದು. ನನ್ನದನ್ನು ಮುಚ್ಚಿಟ್ಟು ಅವನದನ್ನು ಬಿಚ್ಚಿದೆ.

ಮೇ ೧೦, ಶುಕ್ರವಾರ

ಸಾವಕಾರರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ತಂದೆ ಮಗಳು ಇಬ್ಬರೂ ಇದ್ದರು. ಕೂಡು ಎಂದರು. ಕೂತರೆ ಮಾತು ಬರುವುದಿಲ್ಲ ಎಂದು ನಿಂತೇ ಹೇಳಿದೆ.

“ಅವತ್ತು ನಾ ಬುಧ ನೋಡಿರಲಿಲ್ರಿ. ಇಲ್ಲೀತನಾನೂ ನೋಡಿಲ್ಲ. ಸುಳ್ಳ ತೋರಿಸಿದೆ. ನಮ್ಮಪ್ಪ ನನ್ನ ಮಾನ ಉಳಸಾಕ ಕಾಣಸ್ತೈತಿ ಅಂದ.”

ಪ್ರಿಯದರ್ಶಿನಿ ಮುಖ ತಗ್ಗಿಸಿ ಕೈಬೆರಳು ತಿರುವುತ್ತ ಕುಳಿತಳು. ಅವಳು ನಕ್ಕದ್ದು ಅವಳಿಗೂ ನೆನಪಿತ್ತು ಎಂದು ಕಾಣುತ್ತದೆ.

ಸಾವಕಾರರು ಮಾತ್ರ ಬೇಸರದಿಂದ ಕೈ ಬೀಸಿದರು. “ಆ ಚಿಕ್ಕಿ ಇದ್ರೆಷ್ಟು ಬಿಟ್ರೆಷ್ಟವಾ. ನಿಮ್ಮಪ್ಪ ನನಗಿಂತ ಹಿರ್ಯಾ. ರೇಶ್ಮಿ ತಿರುಗಿ ತರಸುವಾಗ ನನಗೇನು ಹಿತ ಆತೇನು? ಮದುವಿ ಸೀರಿ ಅದು. ಸೆರಗ ಬಿಟ್ಟ ಬಂದ್ರ ಬೀಗರ ಮುಂದ ನಾ ಏನಂತ ನಿಂದರ್ಲಿ? ಕಣ್ಣ ಇಲ್ಲದ ಕೈಗೆ ಹೆಂಗ ಕೊಡ್ಲಿ, ನೀನ ಹೇಳು.”

ನಿಜ ಹೇಳಿಬಿಟ್ಟರೆ ಏನೋ ಸರಿಹೋಗುತ್ತದೆ ಎಂದುಕೊಂಡು ಹೋಗಿದ್ದೆ. ಅವರು ಹೇಳಿದ್ದೂ ನಿಜವೇ.

“ನಾ ಕೂಡಸ್ತೀನ್ರಿ,” ಎಂದೆ. ಬಾಯಿಂದ ಹೇಗೆ ಬಂತೋ. “ನನ್ನ ಕಣ್ಣು, ಅವನ ಕೈ. ಅವ ಬಾಜೂಕ ಕೂತು ಹೇಳ್ತಾನ.”

“ನೀ? ನಿಂತಲ್ಲಿ ನಿಲ್ಲವಲ್ಲಿ. ಸಾಲ್ಯಾಗೂ ಕೂಡಲಿಲ್ಲ.”

“ಹೌದ್ರಿ. ಕೂಡಲಿಲ್ಲ.”

ಸಾವಕಾರರು, ಮದುವೆಯ ಸೀರೆ ಆಗಲೇ ಬೇರೆಯವರ ಮಗ್ಗಕ್ಕೆ ಏರಿದೆ, ಅದನ್ನು ಕೇಳಬೇಡ ಎಂದರು. ಒಂದು ಸಾದಾ ರೇಶ್ಮೆಯ ಸೆರಗು ಕೊಡುತ್ತೇನೆ, ಕೂಡಿಸಿ ತೋರಿಸಿ, ಆಮೇಲೆ ನೋಡೋಣ ಎಂದರು. ಬಾಗಲಕೋಟೆಯಲ್ಲಿ ಈ ತಿಂಗಳ ಕೊನೆಗೆ ಕಣ್ಣಿನ ಶಿಬಿರ ಇದೆ, ಕರೆದುಕೊಂಡು ಹೋಗು ಎಂದೂ ಹೇಳಿದರು.

ಬಾಗಿಲವರೆಗೆ ಬಂದ ಪ್ರಿಯದರ್ಶಿನಿ, “ನಾನೂ ಅವತ್ತು ಶನಿ, ಮಂಗಳ ಯಾವುದಂತ ತಿಳೀದನ ಹೂಂ ಅಂದಿದ್ದೆ,” ಎಂದಳು.

ಮೇ ೧೧, ಶನಿವಾರ

ಅಪ್ಪನಿಗೆ ಹೇಳಿದೆ, ಸಾವಕಾರರ ಮನೆಯಲ್ಲಿ ಏನು ಹೇಳಿ ಬಂದೆನೆಂದು. ಎಲ್ಲವನ್ನೂ. ಅಪ್ಪ ತಲೆ ಅಲ್ಲಾಡಿಸಿದ, ಅಷ್ಟೇ. “ದೀಪ ನಿನ್ನ ಕಡೆ ಎಳಕೋ. ನನಗ ಬ್ಯಾಡ,” ಎಂದ.

ಮೊದಲ ಕೂಡಿಕೆ ಕೆಟ್ಟಿತು. ಎಳೆದ ಕೂಡಲೇ ಒಂದು ಗೇಣು ಸಾಲಾಗಿ ಕಳಚಿತು. ಅಳು ಬಂತು. ಅಳು ಬಂದದ್ದು ಎಳೆಗಾಗಿ ಅಲ್ಲ.

ಮೇ ೧೨, ರವಿವಾರ. ಅಮಾವಾಸ್ಯೆ

ಮತ್ತೆ ಕೆಟ್ಟಿತು. ಈ ಸಲ ಗೇಣಿಗಿಂತ ಕಡಿಮೆ.

ಮೇ ೧೪, ಮಂಗಳವಾರ

ಇವತ್ತು ಸೆರಗು ಅಂಚಿನಿಂದ ಅಂಚಿಗೆ ಕೂಡಿತು. ಅವ್ವ ಊಟಕ್ಕೆ ಎರಡು ಸಲ ಕರೆದಳಂತೆ, ಕೇಳಲಿಲ್ಲ. ರೊಟ್ಟಿ ಆರಿ ಗಟ್ಟಿಯಾಗಿದ್ದವು. ಸಂಜೆ ಚಾಚಿ ಮಾಳಿಗೆಯಿಂದ ಕೂಗಿದಳು: “ಏ ಅನುರಾಧಾ! ನಿನ್ನ ಶುಕ್ರನ ಕೆಳಗ ಚಂದ್ರ ಬಂದ ಕೂತಾನ ನೋಡ ಬಾ. ಎಳೆ ಚಂದ್ರ, ಉಗರಿನಷ್ಟ ಅದಾನ.” ಇಂದು ಚಂದ್ರ ಅಲ್ಲಿಗೆ ಬರುತ್ತಾನೆಂದು ರೇಡಿಯೋದವರು ಹೇಳಿದ್ದರು. ಮರೆತೇಹೋಗಿತ್ತು. ಕೈಯಲ್ಲಿ ಎಳೆ ಇತ್ತು, “ಆಮ್ಯಾಲೆ ಬರ್ತೀನಿ ಚಾಚಿ,” ಎಂದೆ. ಆಮೇಲೆ ಎನ್ನುವಷ್ಟರಲ್ಲಿ ಚಂದ್ರ ಮುಳುಗಿದ್ದ.

ರಾತ್ರಿ ಅಪ್ಪ ಮಗ್ಗದ ಕುಣಿಗೆ ಇಳಿದು ನನ್ನ ಪಕ್ಕದಲ್ಲಿ ಕುಳಿತ. ಕೂಡಿಸಿದ ಸಾಲಿನ ಮೇಲೆ ಹೆಬ್ಬೆರಳು ಇಟ್ಟು ನಿಧಾನಕ್ಕೆ ಎಳೆಯುತ್ತ ಬಂದ. ಮುಕ್ಕಾಲು ಭಾಗ ಎಲ್ಲೂ ನಿಲ್ಲಲಿಲ್ಲ. ಆಮೇಲೆ ಒಂದು ಕಡೆ ನಿಂತ. ಹಿಂದೆ ಹೋದ, ಮತ್ತೆ ಅಲ್ಲಿಗೇ ಬಂದ.

“ಇಲ್ಲಿ ನಿನ್ನ ಕೈ ಅಳಕೇತಿ,” ಎಂದ.

ನಾನು ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ಅಕ್ಕಪಕ್ಕದ ಎಳೆಗಳಂತೆಯೇ ಇತ್ತು. ಆದರೆ ಅದು ಯಾವ ಜಾಗ ಎಂದು ನನಗೆ ಗೊತ್ತಿತ್ತು. ಚಾಚಿ ಕೂಗಿದಾಗ ಅರ್ಧ ಹಾಯಿಸಿದ ಕುಣಿಕೆ ಅದು. ಬಿಗಿ ಆಯಿತೋ ಇಲ್ಲವೋ ನೋಡದೆ ಮುಂದೆ ಹೋಗಿದ್ದೆ.

“ನಿನಗ ಹೆಂಗ ತಿಳೀತು?” ಎಂದೆ.

“ಮಾಳಗಿ ಮ್ಯಾಲೆ ತಿಳೀಲಿಲ್ಲೇನು, ಹಂಗ.” ಅಪ್ಪ ಹೆಬ್ಬೆರಳನ್ನು ಅಲ್ಲೇ ಇಟ್ಟಿದ್ದ. “ಅವತ್ತು ನಿನ್ನ ರಟ್ಟಿ ಹಿಡದಿದ್ನಲ್ಲ. ಒಂದು, ಎರಡು, ಮೂರು, ನಾಕು, ನಾಕಕ್ಕೂ ನಿನ್ನ ಕೈ ಸೀದಾ ಹೋತು, ನಿಂತಿತು. ಐದನೇದಕ್ಕ ಎತ್ತಿದಾಗ ಹಿಂಗ ಅಳಕಿತು, ಹುಡುಕಿತು. ಆಗ ತಿಳಕೊಂಡೆ, ಹುಡಿಗಿಗೂ ಕಾಣವಲ್ದು ಅಂತ.”

ತಿಳಿದೂ ಐದೂ ಕಾಣುತ್ತವೆ ಎಂದಿದ್ದ, ಸಾವಕಾರರ ಮುಂದೆ.

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಪ್ಪ, “ಎಳಿ ತಗಿ,” ಎಂದ.

ದೀಪವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಅಪ್ಪ ಹೆಬ್ಬೆರಳು ಸರಿಸಿ ಜಾಗ ಬಿಟ್ಟ. ಆ ಕುಣಿಕೆ ಬಿಚ್ಚಿ, ಮತ್ತೆ ಹಾಯಿಸಿ, ಬಿಗಿದೆ.